ಬೇಸ್ ಕ್ಲಾಸ್‌ಗೆ ಹುಟ್ಟಿಸೋ ಉತ್ಸಾಹ ಜಾಸ್ತಿ, ಕಳಿಸಿಕೊಡೋ ಜವಾಬ್ದಾರಿ ಕಮ್ಮಿ

ಹೊಸ ಪ್ರಾಜೆಕ್ಟ್ ಶುರುವಾದಾಗ ಟೀಮಿನಲ್ಲಿ ಯಾರಾದರೊಬ್ಬರು ಉತ್ಸಾಹದಿಂದ ಬರೆಯೋ ಮೊದಲ ಫೈಲ್ ಸಾಮಾನ್ಯವಾಗಿ ‘ಬೇಸ್‌ಆಬ್ಜೆಕ್ಟ್’. ಇದೇ ಬೇಸ್ ಕ್ಲಾಸ್, ಉಳಿದ ಕ್ಲಾಸ್‌ಗಳೆಲ್ಲ (ಡಿರೈವ್ಡ್ ಕ್ಲಾಸ್‌ಗಳು) ಇದರಿಂದಲೇ ಹುಟ್ಟಿ ಬರ್ತವೆ. ಅದರ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡೋ ಕೋಡ್) ಲಾಗರ್ ತೆರೆಯುತ್ತೆ, ಕಾನ್ಫಿಗ್ ಓದುತ್ತೆ, ಒಂದು ಐಡಿ ಕೊಡುತ್ತೆ, ಯಾವುದೋ ಗ್ಲೋಬಲ್ ಪಟ್ಟಿಗೆ ತನ್ನನ್ನು ಸೇರಿಸಿಕೊಳ್ಳುತ್ತೆ, ಕೊನೆಗೆ ‘ಇನಿಟ್’ ಅಂತ ಒಂದು ವರ್ಚುವಲ್ ಫಂಕ್ಷನ್ (ಡಿರೈವ್ಡ್ ಕ್ಲಾಸ್ ತನಗೆ ಬೇಕಾದಂತೆ ಬದಲಿಸಿ ಬರೆಯಬಹುದಾದದ್ದು) ಕರೆಯುತ್ತೆ. ಡಿಸ್ಟ್ರಕ್ಟರ್, ಅಂದರೆ ಆಬ್ಜೆಕ್ಟ್ ಹೋಗುವಾಗ ಓಡೋ ಕೋಡ್, ಹುಡುಕಿದರೆ ಖಾಲಿ. ಎಷ್ಟೋ ಸಲ ಇರೋದೇ ಇಲ್ಲ. ಆರು ತಿಂಗಳಲ್ಲಿ ಆ ಕ್ಲಾಸ್ ಮನೆಯ ಅಟ್ಟ ಆಗಿರುತ್ತೆ. ಎಲ್ಲಿಡೋದು ಅಂತ ತೋಚದ್ದನ್ನೆಲ್ಲ ಅಲ್ಲಿಗೇ ಏರಿಸಿರ್ತಾರೆ.

ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಬೇಸ್ ಕ್ಲಾಸ್‌ಗೆ ಆಬ್ಜೆಕ್ಟ್ ಹುಟ್ಟುವಾಗ ಹೆಚ್ಚು ಕೆಲಸ ಕೊಡಲೇಬಾರದು. ಅದರ ಅಸಲಿ ಕೆಲಸ ಇರೋದು ಆಬ್ಜೆಕ್ಟ್ ಹೋಗುವಾಗ.

ಯಾಕೆ ಅಂತ ನೋಡೋಣ. ಸಿ ಪ್ಲಸ್ ಪ್ಲಸ್‌ನಲ್ಲಿ ಕ್ರಮ ಬಹಳ ಕಟ್ಟುನಿಟ್ಟು. ಮೊದಲು ಬೇಸ್ ಭಾಗ, ಆಮೇಲೆ ಮೆಂಬರ್‌ಗಳು ಡಿಕ್ಲೇರ್ ಮಾಡಿದ ಕ್ರಮದಲ್ಲಿ, ಕೊನೆಗೆ ಕನ್‌ಸ್ಟ್ರಕ್ಟರ್‌ನ ಒಳಗಿನ ಕೋಡ್. ಹೋಗುವಾಗ ಇದೇ ಸಾಲು ಹಿಂದುಮುಂದು. ಅಂದರೆ ಬೇಸ್ ಕನ್‌ಸ್ಟ್ರಕ್ಟರ್ ಓಡ್ತಾ ಇರುವಾಗ ಡಿರೈವ್ಡ್ ಭಾಗ ಇನ್ನೂ ಹುಟ್ಟೇ ಇಲ್ಲ. ಆ ಹೊತ್ತಿನಲ್ಲಿ ವರ್ಚುವಲ್ ಫಂಕ್ಷನ್ ಕರೆದರೆ ಓಡೋದು ಬೇಸ್‌ನದೇ. ಡಿರೈವ್ಡ್‌ನಲ್ಲಿ ನೀವು ಎಷ್ಟು ಚೆಂದಾಗಿ ಓವರ್‌ರೈಡ್ ಮಾಡಿದ್ದರೂ ಅದರ ಕಡೆ ತಿರುಗಿಯೂ ನೋಡೋಲ್ಲ. ಅದು ಪ್ಯೂರ್ ವರ್ಚುವಲ್ (ಬೇಸ್‌ನಲ್ಲಿ ಕೋಡ್ ಬರೆಯದೆ ಡಿರೈವ್ಡ್‌ಗೆ ಬಿಟ್ಟದ್ದು) ಆಗಿದ್ದು, ಇನ್ನೊಂದು ಸಾಧಾರಣ ಫಂಕ್ಷನ್ ಮೂಲಕ ಸುತ್ತಿ ಬಳಸಿ ಕರೆದಿದ್ದರೆ ಪ್ರೋಗ್ರಾಮ್ ಸಾಮಾನ್ಯವಾಗಿ ಅಲ್ಲೇ ಕುಸಿದು ಬೀಳುತ್ತೆ. ಹಾಗೆ ಬಿದ್ದರೆ ನಿಮ್ಮ ಪುಣ್ಯ, ಕಾರಣ ಬೇಗ ಸಿಗುತ್ತೆ.

ಜಾವಾದಲ್ಲಿ ಇದು ಬೇರೆ ಥರ, ಮತ್ತು ನನ್ನ ಪ್ರಕಾರ ಇನ್ನೂ ಕೆಟ್ಟದ್ದು. ಅಲ್ಲಿ ಬೇಸ್ ಕನ್‌ಸ್ಟ್ರಕ್ಟರ್‌ನಿಂದ ಕರೆದರೂ ಓಡೋದು ಡಿರೈವ್ಡ್‌ನ ಮೆಥಡ್ಡೇ. ಆದರೆ ಅದರ ಫೀಲ್ಡ್‌ಗಳಿಗೆ ಇನ್ನೂ ಬೆಲೆ ಬಂದಿರೋಲ್ಲ. ನಂಬರ್ ಇದ್ದರೆ 0, ಆಬ್ಜೆಕ್ಟ್ ಇದ್ದರೆ ನಲ್, ಅಂದರೆ ಏನೂ ಇಲ್ಲ. ಡಿರೈವ್ಡ್ ಕ್ಲಾಸ್‌ನಲ್ಲಿ ‘ಐಟಮ್ಸ್’ ಅಂತ ಒಂದು ಲಿಸ್ಟ್ ಫೀಲ್ಡ್ ಇದೆ ಅಂದುಕೊಳ್ಳಿ. ಡಿಕ್ಲೇರ್ ಮಾಡುವಾಗ ಯಾರೋ ಶಿಸ್ತಿನಿಂದ ‘ಇದಕ್ಕೆ ನಲ್’ ಅಂತ ಬರೆದಿಟ್ಟಿದ್ದಾರೆ. ಬೇಸ್ ಕನ್‌ಸ್ಟ್ರಕ್ಟರ್ ‘ಇನಿಟ್’ ಕರೆಯಿತು, ಡಿರೈವ್ಡ್‌ನ ಇನಿಟ್ ಓಡಿ ಐಟಮ್ಸ್‌ಗೆ ಹೊಸ ಲಿಸ್ಟ್ ಹಾಕಿತು, ‘ಸೂಪರ್’, ಅಂದರೆ ಬೇಸ್ ಕನ್‌ಸ್ಟ್ರಕ್ಟರ್‌ನ ಕರೆ, ಕೆಲಸ ಮುಗಿಸಿ ವಾಪಸ್ ಬಂತು. ಆಮೇಲೆ ಫೀಲ್ಡ್‌ಗಳ ಸರದಿ. ‘ಇದಕ್ಕೆ ನಲ್’ ಅನ್ನೋ ಸಾಲು ಈಗ ಓಡಿ, ತುಂಬಿಸಿಟ್ಟಿದ್ದ ಲಿಸ್ಟನ್ನು ಒರೆಸಿ ಹಾಕುತ್ತೆ. ಡೀಬಗರ್‌ನಲ್ಲಿ ಇನಿಟ್ ಒಳಗೆ ನಿಂತು ನೋಡಿದರೆ ಲಿಸ್ಟ್ ಇದೆ, ಹೊರಗೆ ಬಂದರೆ ಇಲ್ಲ. ಆ ‘ಇದಕ್ಕೆ ನಲ್’ ಅಳಿಸಿದರೆ ಎಲ್ಲ ಸರಿಹೋಗುತ್ತೆ! ಏನೂ ಮಾಡದಂತೆ ಕಾಣೋ ಸಾಲೊಂದನ್ನು ತೆಗೆದರೆ ಬಗ್ ಮಾಯ ಆಗೋದು ಯಾವ ಡಿಸೈನಿಗೂ ಶೋಭೆಯಲ್ಲ. 2025ರ ಜಾವಾ 25ರಲ್ಲಿ ಸೂಪರ್ ಕರೆಯೋದಕ್ಕೆ ಮುಂಚೆಯೇ ಫೀಲ್ಡ್‌ಗಳಿಗೆ ಬೆಲೆ ಕೊಡೋ ಅವಕಾಶ ಅಧಿಕೃತವಾಗಿ ಬಂತು. ಸಮಸ್ಯೆ ನಿಜ ಅಂತ ಭಾಷೆ ಕಟ್ಟಿದವರೇ ಒಪ್ಪಿದ ಹಾಗಾಯ್ತು.

ಈಗ ಹೋಗೋ ದಾರಿಯ ವಿಚಾರ. ಡಿರೈವ್ಡ್ ಆಬ್ಜೆಕ್ಟನ್ನು ಬೇಸ್ ಪಾಯಿಂಟರ್ (ಬೇಸ್ ಟೈಪಿನದು ಅಂತ ಹಿಡಿದಿಟ್ಟ ಮೆಮೊರಿ ವಿಳಾಸ) ಮೂಲಕ ಡಿಲೀಟ್ ಮಾಡಿದಾಗ ಬೇಸ್‌ನ ಡಿಸ್ಟ್ರಕ್ಟರ್ ವರ್ಚುವಲ್ ಆಗಿರದಿದ್ದರೆ ಸಿ ಪ್ಲಸ್ ಪ್ಲಸ್ ಸ್ಟ್ಯಾಂಡರ್ಡ್ ಕೈತೊಳೆದುಕೊಳ್ಳುತ್ತೆ, ಏನು ಬೇಕಾದರೂ ಆಗಬಹುದು ಅಂತ. ಸಾಮಾನ್ಯವಾಗಿ ಆಗೋದು ಇಷ್ಟು: ಬೇಸ್ ಡಿಸ್ಟ್ರಕ್ಟರ್ ಮಾತ್ರ ಓಡುತ್ತೆ. ಡಿರೈವ್ಡ್ ತೆರೆದ ಫೈಲ್ ತೆರೆದೇ ಇರುತ್ತೆ, ಹಿಡಿದ ಲಾಕ್ ಹಿಡಿದೇ ಇರುತ್ತೆ. ಕ್ಲಾಸ್‌ನಲ್ಲಿ ಬೇರೆ ವರ್ಚುವಲ್ ಫಂಕ್ಷನ್ ಇದ್ದರೆ ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳೆರಡೂ ಎಚ್ಚರಿಸ್ತವೆ. ನಾವು ವಾರ್ನಿಂಗ್ ಓದಬೇಕಲ್ಲ, ಅದು ಬೇರೆ ಮಾತು.

ಸಿ ಪ್ಲಸ್ ಪ್ಲಸ್ ಬರೆಯೋರಿಗೆ ಸಲಹೆ ಕೊಡೋ ಕೋರ್ ಗೈಡ್‌ಲೈನ್ಸ್‌ನಲ್ಲಿ ಇದಕ್ಕೆ ಒಂದೇ ನಿಯಮ ಇದೆ: ಬೇಸ್ ಕ್ಲಾಸ್‌ನ ಡಿಸ್ಟ್ರಕ್ಟರ್ ಪಬ್ಲಿಕ್ ಮತ್ತು ವರ್ಚುವಲ್ ಆಗಿರಲಿ, ಇಲ್ಲವೇ ಪ್ರೊಟೆಕ್ಟೆಡ್ (ಹೊರಗಿನ ಕೋಡ್ ಕರೆಯಲಾಗದ್ದು) ಮತ್ತು ವರ್ಚುವಲ್ ಅಲ್ಲದ್ದಾಗಿರಲಿ. ಎರಡನೆಯದನ್ನು ಜನ ಮರೀತಾರೆ. ಆದರೆ ಅದು ಅಷ್ಟೇ ಉಪಯುಕ್ತ, ಬೇಸ್ ಮೂಲಕ ಡಿಲೀಟ್ ಮಾಡೋಕೆ ಹೋದರೆ ಕಂಪೈಲ್ ಆಗೋದೇ ಇಲ್ಲ. ಅಂದಹಾಗೆ, ಶೇರ್ಡ್ ಪಾಯಿಂಟರ್ (ಹಲವರು ಹಂಚಿಕೊಂಡು, ಕೊನೆಗೆ ತಾನೇ ಡಿಲೀಟ್ ಮಾಡೋ ಪಾಯಿಂಟರ್) ಬಳಸೋರಿಗೆ ಈ ನೋವು ಎಷ್ಟೋ ಸಲ ತಾಗೋದೇ ಇಲ್ಲ. ಹುಟ್ಟುವಾಗಿನ ಟೈಪ್ ಯಾವುದು ಅನ್ನೋದನ್ನ ಅದು ನೆನಪಿಟ್ಟುಕೊಂಡು, ಹೋಗುವಾಗ ಸರಿಯಾದ ಡಿಸ್ಟ್ರಕ್ಟರ್ ಕರೆಯುತ್ತೆ. ಒಬ್ಬನೇ ಮಾಲೀಕ ಇರೋ ಯೂನಿಕ್ ಪಾಯಿಂಟರ್‌ನ ಮಾಮೂಲಿ ಡಿಲೀಟರ್ ಹಾಗೆ ಮಾಡೋಲ್ಲ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ಮಾರನೇ ದಿನ ಲೀಕ್ ಶುರುವಾದರೆ ಗಾಬರಿಯಾಗಬೇಡಿ, ಮೊದಲು ಬೇಸ್ ಕ್ಲಾಸ್ ತೆಗೆದು ನೋಡಿ.

ಎಲ್ಲರಿಗೂ ಒಂದೇ ಮೂಲ ಕ್ಲಾಸ್ ಕೊಟ್ಟ ಭಾಷೆಗಳಲ್ಲಿ ಇದನ್ನು ಚೆನ್ನಾಗಿ ಯೋಚಿಸಿದ್ದು ಅಂದರೆ, ನನ್ನ ಮಟ್ಟಿಗೆ, 1995ರ ಡೆಲ್ಫಿ. ಅಲ್ಲಿ ಎಲ್ಲದಕ್ಕೂ ತಾಯಿಬೇರು ಟಿಆಬ್ಜೆಕ್ಟ್. ಅದರ ‘ಕ್ರಿಯೇಟ್’ ಹೆಚ್ಚುಕಮ್ಮಿ ಏನೂ ಮಾಡೋಲ್ಲ. ‘ಡಿಸ್ಟ್ರಾಯ್’ ಹುಟ್ಟಿನಿಂದಲೇ ವರ್ಚುವಲ್. ‘ಫ್ರೀ’ ಅನ್ನೋದು ಪಾಯಿಂಟರ್ ಖಾಲಿಯಾ ಅಂತ ನೋಡಿ, ಅಲ್ಲದಿದ್ದರೆ ಮಾತ್ರ ಡಿಸ್ಟ್ರಾಯ್ ಕರೆಯುತ್ತೆ. ನನಗೆ ಬಹಳ ಇಷ್ಟವಾಗೋದು ಮುಂದಿನ ಭಾಗ. ಕನ್‌ಸ್ಟ್ರಕ್ಟರ್ ಅರ್ಧದಲ್ಲಿ ಎಕ್ಸೆಪ್ಷನ್ (ಏನೋ ತಪ್ಪಾಯ್ತು ಅನ್ನೋ ಸೂಚನೆ) ಎಸೆದರೆ ಡೆಲ್ಫಿ ತಾನೇ ಡಿಸ್ಟ್ರಾಯ್ ಕರೆಯುತ್ತೆ. ಅರ್ಧ ಕಟ್ಟಿದ ಆಬ್ಜೆಕ್ಟ್ ಆದರೂ ಪರವಾಗಿಲ್ಲ, ಯಾಕಂದರೆ ಶುರುವಿನಲ್ಲೇ ಎಲ್ಲ ಫೀಲ್ಡ್‌ಗಳನ್ನೂ ಸೊನ್ನೆ ಮಾಡಿಟ್ಟಿರುತ್ತೆ, ಹುಟ್ಟದ ಫೀಲ್ಡ್ ಮೇಲೆ ಫ್ರೀ ಕರೆದರೂ ಅದು ಸುಮ್ಮನಿರುತ್ತೆ. ಮೂರು ಚಿಕ್ಕ ನಿರ್ಧಾರಗಳು ಒಂದಕ್ಕೊಂದು ಹೇಗೆ ಕೂತಿವೆ ನೋಡಿ. ಸಿ ಪ್ಲಸ್ ಪ್ಲಸ್ ಇಲ್ಲಿ ಬೇರೆ ದಾರಿ ಹಿಡಿಯಿತು: ಪೂರ್ತಿ ಕಟ್ಟಿ ಮುಗಿದ ಬೇಸ್ ಮತ್ತು ಮೆಂಬರ್‌ಗಳನ್ನು ಅಳಿಸುತ್ತೆ, ಅರ್ಧವಾದ ಕ್ಲಾಸ್‌ನ ಡಿಸ್ಟ್ರಕ್ಟರ್ ಕರೆಯೋಲ್ಲ. ಅದೂ ಸರಿಯೇ. ಆದರೆ ಕನ್‌ಸ್ಟ್ರಕ್ಟರ್‌ನಲ್ಲಿ ಬರಿಗೈಲಿ ‘ನ್ಯೂ’ ಮಾಡಿ (ಮೆಮೊರಿ ಪಡೆದು) ಸಾಮಾನ್ಯ ಪಾಯಿಂಟರ್‌ನಲ್ಲಿ ಇಟ್ಟುಕೊಂಡವರಿಗೆ ಕ್ಷಮೆ ಇಲ್ಲ.

ತಪ್ಪು ದಾರಿಗೆ ಉದಾಹರಣೆ ಬೇಕಾದರೆ ಜಾವಾದ ‘ಫೈನಲೈಜ್’ ಇದೆ, ಬಳಕೆ ಮುಗಿದ ಆಬ್ಜೆಕ್ಟ್ ಹೋಗೋ ಮುಂಚೆ ಓಡಲಿ ಅಂತ ಇಟ್ಟ ಮೆಥಡ್. ಮೂಲ ಆಬ್ಜೆಕ್ಟ್ ಕ್ಲಾಸ್‌ನಲ್ಲೇ ಇಟ್ಟರು, ಎಲ್ಲರಿಗೂ ಆಸ್ತಿಯಂತೆ ಬಂತು. ಯಾವಾಗ ಓಡುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ, ಓಡೇ ಓಡುತ್ತೆ ಅನ್ನೋದಕ್ಕೂ ಇಲ್ಲ. ಕನ್‌ಸ್ಟ್ರಕ್ಟರ್ ಸೋತ ಆಬ್ಜೆಕ್ಟ್ ಮೇಲೂ ಓಡಬಹುದಾದ್ದರಿಂದ, ಕೆಟ್ಟ ಉದ್ದೇಶದ ಸಬ್‌ಕ್ಲಾಸ್ ಒಂದು ತಿರಸ್ಕೃತವಾದ ಆಬ್ಜೆಕ್ಟನ್ನೇ ಹಿಡಿದಿಟ್ಟುಕೊಳ್ಳೋಕೆ ಬಾಗಿಲು ತೆರೆಯಿತು. 2017ರ ಜಾವಾ 9ರಲ್ಲಿ ಬಳಸಬೇಡಿ ಅಂದರು, 2022ರ ಜಾವಾ 18ರಲ್ಲಿ ಮುಂದೆ ತೆಗೆದೇ ಬಿಡ್ತೀವಿ ಅಂದರು. ಅಷ್ಟರಲ್ಲಿ ಟ್ರೈ ಜೊತೆಗೇ ರಿಸೋರ್ಸ್ ತೆರೆದು, ಬ್ಲಾಕ್ ಮುಗಿದಾಗ ತಾನೇ ಕ್ಲೋಸ್ ಆಗೋ ವ್ಯವಸ್ಥೆ ಬಂದು ವರ್ಷಗಳಾಗಿತ್ತು. ಸಿ ಶಾರ್ಪ್‌ನಲ್ಲಿ ಇನ್ನೊಂದು ಗೊಂದಲ. ಹೆಸರಿನ ಮುಂದಿನ ಟಿಲ್ಡೆ ಗುರುತು ಸಿ ಪ್ಲಸ್ ಪ್ಲಸ್‌ನ ಡಿಸ್ಟ್ರಕ್ಟರ್ ಥರಾನೇ ಕಾಣುತ್ತೆ, ಆದರೆ ಅದು ಫೈನಲೈಜರ್. ಬೇಕಾದ ಹೊತ್ತಿಗೆ ಕೈಬಿಡೋ ಕೆಲಸಕ್ಕೆ ‘ಡಿಸ್ಪೋಸ್’ ಬೇರೆಯೇ ಇದೆ.

ಪೈಥಾನ್‌ನಲ್ಲಂತೂ ಸಬ್‌ಕ್ಲಾಸ್ ತನ್ನದೇ ಇನಿಟ್ ಬರೆದು ಸೂಪರ್ ಕರೆಯೋದು ಮರೆತರೆ ಬೇಸ್‌ನ ಇನಿಟ್ ಓಡೋದೇ ಇಲ್ಲ. ಯಾರೂ ಕೇಳೋಲ್ಲ. ಬೇಸ್ ಸಣ್ಣದಾಗಿರಲಿ ಅಂತ ನಾನು ಹಟ ಹಿಡಿಯೋದಕ್ಕೆ ಇದೂ ಒಂದು ಕಾರಣ. ಅದು ಏನನ್ನೂ ಕಟ್ಟದಿದ್ದರೆ ಮರೆತರೂ ಕಳೆದುಕೊಳ್ಳೋದು ಏನೂ ಇಲ್ಲ.

‘ಹಾಗಾದರೆ ಇನಿಟ್ ಬೇರೆಯಾಗಿ ಕರೆದರೆ ಆಯ್ತಲ್ಲ’ ಅನ್ನೋರು ಕಾಮೆಂಟಿನಲ್ಲಿ ಬಂದೇ ಬರ್ತಾರೆ. ಎಕ್ಸೆಪ್ಷನ್ ಆಫ್ ಮಾಡಿ ಕಂಪೈಲ್ ಮಾಡೋ ಗೇಮ್ ಮತ್ತು ಎಂಬೆಡೆಡ್ ಕೋಡ್‌ನವರಿಗೆ, ಕನ್‌ಸ್ಟ್ರಕ್ಟರ್ ಸೋತಿದ್ದನ್ನು ಹೇಳೋಕೆ, ಬೇರೆ ದಾರಿ ಕಷ್ಟ, ಒಪ್ಪಿದೆ. ಆದರೆ ಆ ಎರಡನೇ ಹೆಜ್ಜೆಯನ್ನು ಕ್ಲಾಸ್ ಬಳಸೋರ ನೆನಪಿಗೆ ಬಿಡಬೇಡಿ. ಕನ್‌ಸ್ಟ್ರಕ್ಟರ್ ಮತ್ತು ಇನಿಟ್ ಎರಡನ್ನೂ ಪ್ರೈವೇಟ್ ಮಾಡಿ. ಹೊರಗೆ ಒಂದೇ ಒಂದು ಸ್ಟ್ಯಾಟಿಕ್ ‘ಕ್ರಿಯೇಟ್’ ಇಡಿ. ಅದು ಎರಡನ್ನೂ ಕರೆದು, ಗೆದ್ದರೆ ಪೂರ್ತಿ ಆಬ್ಜೆಕ್ಟ್ ಕೊಡಲಿ, ಸೋತರೆ ಖಾಲಿ ಪಾಯಿಂಟರ್ ಕೊಡಲಿ. ಅರ್ಧ ಬೆಂದ ಆಬ್ಜೆಕ್ಟ್ ಯಾರ ಕೈಗೂ ಸಿಗೋಲ್ಲ.