ಆ ಹುಡುಗನಿಗೆ ಮಾತು ಬರುತ್ತಿತ್ತು

ಬೆಳಗ್ಗೆ ಶಾಲೆಯಿಂದ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದೇ ಬಿಡುತ್ತೇನೆ.

ಧ್ವಜಾರೋಹಣ ಮುಗಿದು ಮಕ್ಕಳ ಭಾಷಣ ಶುರುವಾಯಿತು. ಐದನೇ ಕ್ಲಾಸಿನ ಒಬ್ಬ ಹುಡುಗ ಮೈಕಿನ ಮುಂದೆ ನಿಂತ. "ವೇದಿಕೆಯ ಮೇಲೆ ಆಸೀನರಾಗಿರುವ ಗೌರವಾನ್ವಿತ ಅತಿಥಿಗಳೇ, ನನ್ನ ನೆಚ್ಚಿನ ಗುರುವೃಂದದವರೇ..." ಒಂದೇ ಉಸಿರಿಗೆ ಹೇಳಿದ. "1857ರಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ ಕಿಡಿ..." ಅಲ್ಲಿಗೆ ನಿಂತಿತು. ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಆ "ಕಿಡಿ"ಯ ಹತ್ತಿರವೇ ನಿಂತ. ಮಕ್ಕಳು ನಕ್ಕರು. "ಸರಿಯಾಗಿ ಬಾಯಿಪಾಠ ಮಾಡಿಲ್ಲ ಇವನು" ಅಂತ ದೊಡ್ಡವರೊಬ್ಬರು ಅಂದದ್ದು ಮೈಕಿನಲ್ಲೇ ಕೇಳಿಸಿತು. ಹುಡುಗ ಅಳುತ್ತಾ ಇಳಿದ.

ಲಡ್ಡು ಹಂಚುವಾಗ ಅವನ ಪಕ್ಕ ಕೂತೆ. "ಅದು ಬಿಡು ಮಗಾ, ನಿನಗೆ ಗೊತ್ತಿರುವುದು ಏನಾದರೂ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆಂಟಿ, ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ಸುಳ್ಯದವರು ಬ್ರಿಟಿಷರ ಮೇಲೆ ಹೋಗಿದ್ದರು, ಗೊತ್ತುಂಟಾ?" ಅಂದ. 1837ರ ದಂಗೆ, ಅದರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬ್ರಿಟಿಷರ ಬಾವುಟ ಇಳಿಸಿದ್ದು, ಈಗ ಅಲ್ಲಿರುವ ಅವರ ಪ್ರತಿಮೆ. ಅಜ್ಜ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಕೈ ಎತ್ತಿ, ಕಣ್ಣು ಅರಳಿಸಿ ಹೇಳುತ್ತಿದ್ದ. ಒಂದು ಕಡೆಯೂ ತಡವರಿಸಲಿಲ್ಲ.

ಈ ಹುಡುಗನಿಗೆ ಧೈರ್ಯ ಇಲ್ಲವೇ? ಇನ್ಯಾರೋ ಬರೆದ ಹಾಳೆಯನ್ನು ಅವನ ಬಾಯಿಗೆ ತುರುಕಿದ್ದು ನಾವು. ಅದು ಮರೆತುಹೋದರೆ ತಪ್ಪು ಅವನದ್ದಾ?

ನನ್ನ ಕಥೆಯೂ ಇದೇ. ಏಳನೇ ಕ್ಲಾಸಿನಲ್ಲಿ ಹೀಗೇ ನಿಂತುಹೋದೆ. ಆಮೇಲೆ ಹತ್ತೊಂಬತ್ತು ವರ್ಷ ಮೈಕ್ ಮುಟ್ಟಲಿಲ್ಲ. ಅಪ್ಪನ ಉತ್ತರಕ್ರಿಯೆಯ ದಿನ ನುಡಿನಮನಕ್ಕೆ ಕರೆದರು. ಅಪ್ಪನ ಬಗ್ಗೆ ಹೇಳಲು ಎಷ್ಟೆಲ್ಲ ಇತ್ತು. ನಾನು ಏಳಲೇ ಇಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತಿಗೂ ನೋಯುತ್ತದೆ.

ಅದೇ ಅಪ್ಪ ರಾತ್ರಿ ಹೊತ್ತು ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಕ್ಯಾಸೆಟ್ ಹಾಕುತ್ತಿದ್ದರು. ಶೇಣಿಯವರ ವಾಲಿ ಬಾಣ ತಾಗಿ ಬಿದ್ದು ರಾಮನನ್ನು ಕೇಳುವ ಪ್ರಶ್ನೆಗಳು ಇನ್ನೂ ಕಿವಿಯಲ್ಲಿವೆ. ತಾಳಮದ್ದಳೆ ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು. ಅದಕ್ಕೆ ಹೇಳುವ ಅರ್ಥ ಮಾತ್ರ ಅರ್ಥಧಾರಿಯ, ಅಂದರೆ ಪಾತ್ರವಾಗಿ ಮಾತಾಡುವ ಕಲಾವಿದನ ಸ್ವಂತದ್ದು. ಎದುರಿನವರು ಏನು ಕೇಳುತ್ತಾರೆ ಅಂತ ಗೊತ್ತಿರುವುದಿಲ್ಲ. ಕೂತಲ್ಲೇ ಉತ್ತರ ಹುಟ್ಟಬೇಕು. ಇಂಥ ಕಲೆ ಇರುವ ಊರಿನಲ್ಲಿ ನಾವು ಮಕ್ಕಳಿಗೆ ಹಾಳೆ ಕೊಡುತ್ತೇವಲ್ಲಾ!

ಬಾಯಿಪಾಠದಿಂದ ನೆನಪಿನ ಶಕ್ತಿ ಬೆಳೆಯುತ್ತದೆ ಅನ್ನುವವರಿದ್ದಾರೆ. ಹೌದು, ವಚನ ಕಲಿಸಿ, ಪದ್ಯ ಕಲಿಸಿ, ಮಗ್ಗಿ ಕಲಿಸಿ. ಭಾಷಣ ಪದ್ಯ ಅಲ್ಲ. ಪದ್ಯದಲ್ಲಿ ಒಂದು ಶಬ್ದ ತಪ್ಪಿದರೆ ರಾಗ, ಪ್ರಾಸ ಹಿಡಿದುಕೊಂಡು ಮುಂದೆ ಹೋಗಬಹುದು. ಅರ್ಥವಾಗದೆ ಉರು ಹೊಡೆದ ಗದ್ಯದಲ್ಲಿ ಒಂದು ಶಬ್ದ ಜಾರಿದರೆ ಮುಂದಿನ ಸಾಲು ಸಿಗುವುದೇ ಇಲ್ಲ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ.

ನನಗೆ ಮಾತು ಮರಳಿ ಸಿಕ್ಕಿದ್ದು ನಮ್ಮ ಸ್ವಸಹಾಯ ಸಂಘದಲ್ಲಿ. ವಾರ್ಷಿಕ ಸಭೆಯ ವರದಿ ನಾನೇ ಹೇಳಬೇಕಾಗಿತ್ತು. ಪೂರ್ತಿ ಬರೆಯಲಿಲ್ಲ. ಒಂದು ಚೀಟಿಯಲ್ಲಿ ನಾಲ್ಕೇ ಶಬ್ದ: ಸಾಲ, ಹಪ್ಪಳ, ಮಳೆ, ಲಾಭ. ಮೊದಲ ವಾಕ್ಯ ಮಾತ್ರ ಗಟ್ಟಿ ಮಾಡಿಕೊಂಡೆ. ವಾರವಿಡೀ ಅಡುಗೆಮನೆಯಲ್ಲಿ ನಿಂತು ಅತ್ತೆಗೆ ದೊಡ್ಡ ದನಿಯಲ್ಲಿ ಹೇಳಿದೆ, ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ. ಸಭೆಯ ದಿನ ಕೈ ನಡುಗಿತು. ಎರಡನೇ ಸಾಲಿನಲ್ಲಿ ಕೂತಿದ್ದ ಅತ್ತೆಯ ಮುಖ ನೋಡಿ ಶುರು ಮಾಡಿದೆ. ನಡುವೆ ಮರೆತಾಗ ಸುಮ್ಮನೆ ನಿಂತು, ಚೀಟಿ ನೋಡಿ ಮುಂದುವರಿಸಿದೆ. ಯಾರೂ ನಗಲಿಲ್ಲ.

ಇನ್ನೊಂದು ಮಾತು. ಇವತ್ತು ಆ ಹುಡುಗನ ಹಿಂದೆಯೇ ಗಾಂಧೀಜಿ ಫೋಟೋ ಇತ್ತು. ಬ್ಯಾರಿಸ್ಟರ್ ಆಗಿ ಬಂದ ಗಾಂಧೀಜಿಯೂ ಮುಂಬೈಯಲ್ಲಿ ತಮ್ಮ ಮೊದಲ ಕೇಸಿಗೆ ಎದ್ದು ನಿಂತು, ಮಾತು ಹೊರಡದೆ ಕೂತುಬಿಟ್ಟಿದ್ದರು. ಫೀಸನ್ನೂ ವಾಪಸ್ ಕೊಟ್ಟರು. ಅಲ್ಲಿದ್ದ ದೊಡ್ಡವರಲ್ಲಿ ಒಬ್ಬರಾದರೂ ಇದನ್ನು ಅವನ ಕಿವಿಯಲ್ಲಿ ಹೇಳಬಹುದಿತ್ತು, ಅಲ್ವಾ?

ನವೆಂಬರ್ 1ಕ್ಕೆ ಮತ್ತೆ ಭಾಷಣ ಇದೆ. ಹಾಳೆ ಬರೆದುಕೊಡಬೇಡಿ ಅಂತ ಅವನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಶನಿವಾರ ಸಂಜೆ ಅವನು ಅಜ್ಜನ ಜೊತೆ ನಮ್ಮ ಜಗಲಿಗೆ ಬರುತ್ತಾನೆ. ಕೇಳಲು ನಾನು, ಅತ್ತೆ ಇಬ್ಬರೂ ಇರುತ್ತೇವೆ.