ಮಗ್ಗಿನಲ್ಲಿ ಯಾರ ಮುಖವೂ ಇಲ್ಲ, ಮಾರಾಯ್ರೆ

‘ಬಿಸಿ ಚಹಾ ಹೊಯ್ದರೆ ನಾಯಕರೊಬ್ಬರ ಮುಖ ಮೂಡುವ ಮಗ್’ ನಮ್ಮ ಉಡುಪಿಯ ಅಂಗಡಿಯಲ್ಲಿ ಸಿಗುತ್ತದೆಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಸುಳ್ಳು. ಇರುವುದು ಖಾಲಿ ಕುರ್ಚಿ, ಅದರಡಿ ‘ಮಳೆಗಾಲಕ್ಕೆ ಮೊದಲು ರಸ್ತೆ ರೆಡಿ’ ಎಂಬ ಸಾಲು. ಮಗ್ಗಿನ ಕಪ್ಪು ಲೇಪ ಬಿಸಿಗೆ ಪಾರದರ್ಶಕವಾಗಿ ಒಳಗಿನ ಚಿತ್ರ ಕಾಣುತ್ತದೆ. ಚಹಾ ತಣಿದರೆ ಭರವಸೆಯೂ ಮಾಯ. ತಮಾಷೆ ಅಷ್ಟೇ.

ಫಾರ್ವರ್ಡ್ ಫೋಟೋ ಹಿಗ್ಗಿಸಿ ನೋಡಿ: ಅಂಟಿಸಿದ ಮುಖದ ಒಂದು ಕಿವಿ ಮಗ್ಗಿನ ಹಿಡಿಯ ಮೇಲೆ ಕೂತಿದೆ!

ಪ್ರಧಾನಿಯವರ ಹೆಸರು, ಚಿತ್ರವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಲು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಬಿಡುವುದಿಲ್ಲ. ಹಾಗಾಗಿ ನಾವು ಯಾವ ಮುಖದ ಗೋಜಿಗೂ ಹೋಗಿಲ್ಲ.

ಮೊನ್ನೆ ಎರಡು ಪಕ್ಷದವರೂ ಬಂದು ಇದೇ ಮಗ್ಗನ್ನು ಒಯ್ದರು, ಎದುರು ಪಕ್ಷದವರಿಗೆ ಉಡುಗೊರೆ ಕೊಡಲಿಕ್ಕಂತೆ.