ಬೆಟ್ಟ ಜಾರಿತು, ಬುತ್ತಿ ಬೂಷ್ಟು ಹಿಡಿಯಿತು

ಬೆಟ್ಟ ಕುಸಿದರೆ ಊರು ಹಾಳಾಗುವುದು ವಾಡಿಕೆ. ಫ್ರಾನ್ಸಿನ ದಕ್ಷಿಣದ ಅವೆರೋನ್ ಜಿಲ್ಲೆಯಲ್ಲಿರುವ ರೋಕ್‌ಫೋರ್ ಸುರ್ ಸೂಲ್ಝೋನ್ ಎಂಬ ಹಳ್ಳಿಗೆ ಮಾತ್ರ ಅನ್ನ ಹುಟ್ಟಿದ್ದೇ ಬೆಟ್ಟ ಕುಸಿದದ್ದರಿಂದ. ಊರ ಬೆನ್ನಿಗಿರುವ ಕೊಂಬಾಲು ಸುಣ್ಣಕಲ್ಲಿನ ಗುಡ್ಡ, ಅದರ ಅಡಿಯಲ್ಲಿ ಜೇಡಿಯ ಪದರ. ನೀರು ಕುಡಿದ ಜೇಡಿ ಜಾರಿತು, ಮೇಲಿನ ಬಂಡೆಗಳು ಉರುಳಿ ಸುಮಾರು 2 ಕಿಲೋಮೀಟರ್ ಉದ್ದದ ರಾಶಿಯಾಗಿ ಬಿದ್ದವು. ಆ ರಾಶಿಗೆ ಒರಗಿಕೊಂಡು ಊರು ನಿಂತಿದೆ. ಜನಸಂಖ್ಯೆ ಕೆಲವು ನೂರು. ನೆಲಮಾಳಿಗೆಯಲ್ಲಿ ಮಾಗುತ್ತ ಮಲಗಿರುವ, ರೋಕ್‌ಫೋರ್ ಎಂದು ಊರಿನದೇ ಹೆಸರಿರುವ ನೀಲಿ ಬೂಷ್ಟಿನ ಚೀಸನ್ನೂ ಜನಗಣತಿಗೆ ಸೇರಿಸಿದರೆ ಇಲ್ಲಿ ಮನುಷ್ಯರು ಅಲ್ಪಸಂಖ್ಯಾತರು.

ಬಂಡೆಗಳ ನಡುವೆ ಉಳಿದ ಸಂದುಗಳಿಗೆ ಅಲ್ಲಿನವರು ಫ್ಲರೀನ್ ಎನ್ನುತ್ತಾರೆ. ಗುಡ್ಡ ಉಸಿರಾಡುವುದು ಇವುಗಳ ಮೂಲಕವೇ. ಹೊರಗೆ ಬೇಸಿಗೆ ಸುಡಲಿ, ಹಿಮ ಬೀಳಲಿ, ಚೀಸು ಮಾಗಿಸುವ ಗುಹೆಯೊಳಗೆ 8ರಿಂದ 12 ಡಿಗ್ರಿ, ತೇವಾಂಶ ಶೇಕಡಾ 95ರ ಆಸುಪಾಸು. ಫ್ಲರೀನ್ ಬಾಯಿಗೆ ಪುಟ್ಟ ಬಾಗಿಲು ಕೂರಿಸಿದ್ದಾರೆ. ಗಾಳಿ ಜಾಸ್ತಿಯಾದರೆ ಚೀಸ್ ಒಣಗುತ್ತದೆ, ಕಮ್ಮಿಯಾದರೆ ಬೂಷ್ಟು ಮುನಿಸಿಕೊಳ್ಳುತ್ತದೆ. ಹಾಗಾಗಿ ಆ ಬಾಗಿಲು ಎಷ್ಟು ತೆರೆಯಬೇಕು ಎಂಬುದು ಗುಹೆಯ ಮೇಸ್ತ್ರಿಯ ದೊಡ್ಡ ವಿದ್ಯೆ.

ಎರಡನೆಯ ಅವಘಡ ಬರೀ ದಂತಕಥೆ. ಕುರಿ ಕಾಯುವ ಹುಡುಗನೊಬ್ಬ ರೈ ಬ್ರೆಡ್ಡು, ಕುರಿಹಾಲಿನ ಹಸಿ ಚೀಸು ಇದ್ದ ಬುತ್ತಿಯನ್ನು ಗುಹೆಯಲ್ಲಿಟ್ಟು ಒಬ್ಬ ಹುಡುಗಿಯ ಹಿಂದೆ ಓಡಿದನಂತೆ. ದಿನಗಳಾದ ಮೇಲೆ ಬಂದು ನೋಡಿದರೆ ಬುತ್ತಿಯೆಲ್ಲ ನೀಲಿ. ಹುಡುಗಿ ಸಿಕ್ಕಳೋ ಇಲ್ಲವೋ, ಕಥೆ ಹೇಳುವವರು ಅದನ್ನು ಮಾತ್ರ ನುಂಗಿಬಿಡುತ್ತಾರೆ.

ಈಗ ಆ ಮರೆವನ್ನು ಬೇಕೆಂದೇ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ರೈ ಬ್ರೆಡ್ಡನ್ನು ಹೊರಗೆ ಕರಕಲು, ಒಳಗೆ ಹಸಿಹಸಿ ಎನ್ನುವಂತೆ ಬೇಯಿಸಿ ಗುಹೆಯಲ್ಲಿ ವಾರಗಟ್ಟಲೆ ಬಿಡುತ್ತಾರೆ. ಬೇರೆ ಬೇಕರಿಯಲ್ಲಾದರೆ ಈ ಬ್ರೆಡ್ಡು ಮಾಡಿದವನ ಕೆಲಸ ಹೋಗುತ್ತಿತ್ತು. ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟು ಒಳಗಿನದನ್ನು ತಿಂದು ಮುಗಿಸಿದ ಮೇಲೆ ಒಣಗಿಸಿ ಪುಡಿ ಮಾಡಿದರೆ ಅದೇ ಚೀಸಿಗೆ ಹಾಕುವ ಬೀಜ. ಲಕೋನ್ ತಳಿಯ ಕುರಿಯ ಕಾಯಿಸದ ಹಾಲು, ಒಂದು ಚೀಸಿಗೆ ಹೆಚ್ಚುಕಮ್ಮಿ 12 ಲೀಟರ್, ಉಗುರುಬೆಚ್ಚಗಿರುವಾಗ ರೆನೆಟ್ ಹಾಕಿ ಒಡೆಸುತ್ತಾರೆ. ತುಂಡುಗಳನ್ನು ಅಚ್ಚಿಗೆ ತುಂಬುವಾಗ ಒತ್ತಿದಿರೋ, ಕೆಟ್ಟಿತು. ಸಂದು ಉಳಿಯದಿದ್ದರೆ ಬೂಷ್ಟಿಗೆ ಮನೆಯೇ ಇಲ್ಲ. ಆಮೇಲೆ ಒಣ ಉಪ್ಪು ಸವರಿ, ಸೂಜಿಗಳಿಂದ ಚುಚ್ಚುತ್ತಾರೆ. ಚುಚ್ಚುವುದು ಗಾಳಿ ಒಳಹೋಗಲಿ ಎಂದು. ತೂತು ಮುಚ್ಚಿಕೊಂಡರೆ 3 ಕಿಲೋ ತೂಗುವ ಬೆಳ್ಳನೆಯ, ಗೊತ್ತುಗುರಿಯಿಲ್ಲದ ಮುದ್ದೆ ಉಳಿಯುತ್ತದೆ. ಗುಹೆಯಲ್ಲಿ ಬತ್ತಲೆಯಾಗಿ ಕನಿಷ್ಠ 14 ದಿನ, ನಂತರ ತವರದ ಹಾಳೆ ಸುತ್ತಿ ತಣ್ಣಗೆ, ಒಟ್ಟು ಕನಿಷ್ಠ 90 ದಿನ.

ಹಾಳಾದ ಬುತ್ತಿಗೆ ಸಿಕ್ಕ ರಾಜಮರ್ಯಾದೆ ನೋಡಿ. 1411ರಲ್ಲಿ ಆರನೆಯ ಶಾರ್ಲ್ ದೊರೆ ಇದನ್ನು ಮಾಗಿಸುವ ಹಕ್ಕನ್ನು ಈ ಊರಿನವರಿಗೆ ಬರೆದುಕೊಟ್ಟ. 1666ರಲ್ಲಿ ತುಲೂಸಿನ ನ್ಯಾಯಸಭೆ ನಕಲಿ ಮಾರುವವರ ಮೇಲೆ ಹರಿಹಾಯ್ದಿತು. 1925ರಲ್ಲಿ ಹೆಸರಿಗೇ ಕಾನೂನು ಬಂತು, 1961ರಲ್ಲಿ ಮಿಯೋ ಪಟ್ಟಣದ ಕೋರ್ಟು ಮಾಗುವುದು ಕೊಂಬಾಲು ಗುಹೆಗಳಲ್ಲೇ ಆಗಬೇಕು ಎಂದಿತು. 1999ರಲ್ಲಿ ಯುರೋಪು ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸ ಬೇಡವೆಂದದ್ದಕ್ಕೆ ಅಮೆರಿಕ ಈ ಬಡಪಾಯಿ ಚೀಸಿನ ಮೇಲೆ ಶೇಕಡಾ 100 ಸುಂಕ ಜಡಿಯಿತು. ಸಿಟ್ಟಿಗೆದ್ದ ಕುರಿ ರೈತರು ಜೋಸೆ ಬೋವೆ ಮುಂದಾಳತ್ವದಲ್ಲಿ ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅನ್ನೇ ಬಿಚ್ಚಿಹಾಕಿದರು.

ವಿಮಾನದ ಕೆಲಸಕ್ಕೆಂದು ಬೆಂಗಳೂರಿನಿಂದ ತುಲೂಸಿಗೆ ಹೋದವರು ವಾರಾಂತ್ಯದಲ್ಲಿ ಈ ಊರಿಗೆ ಹೋಗಿಬರಬಹುದು. ಹೊರಗಿನ ಸೆಕೆ ನಂಬಿ ಅರ್ಧ ತೋಳಿನ ಅಂಗಿಯಲ್ಲಿ ಗುಹೆಗಿಳಿದರೆ ವಿವರಣೆ ಮುಗಿಯುವ ಮೊದಲೇ ಹಲ್ಲು ಕಟಕಟ. ಸ್ವೆಟರ್ ಬೇಕು, ಜಾರದ ಚಪ್ಪಲಿ ಬೇಕು. ಸಸ್ಯಾಹಾರಿಗಳು ರುಚಿ ನೋಡುವ ಮೊದಲೇ ತಿಳಿದಿರಲಿ: ರೆನೆಟ್ ಬರುವುದು ಎಳೆಯ ಪ್ರಾಣಿಗಳ ಹೊಟ್ಟೆಯಿಂದ. ನಿಘಂಟಿನಲ್ಲಿ ಚೀಸ್ ಎಂದರೆ ಗಿಣ್ಣು ಎಂದು ಓದಿಕೊಂಡು ದೊಡ್ಡ ತುಂಡು ಬಾಯಿಗಿಟ್ಟವರ ಮುಖ ನೋಡಲಾಗದು. ಕಡಲೆಕಾಳಿನಷ್ಟು ಸಾಕು, ಜೊತೆಗೆ ಪೇರ್ ಹಣ್ಣು ಅಥವಾ ಆಕ್ರೋಟು.

ತುಂಡಿನ ಚೂಪು ತುದಿಯನ್ನು ಮಾತ್ರ ಕತ್ತರಿಸಿಕೊಳ್ಳುವುದು ಹೋಳಿಗೆಯ ಹೂರಣ ಹೆಕ್ಕಿದ ಹಾಗೆ: ನೀಲಿ ಹೆಚ್ಚಿರುವುದು ಅಲ್ಲೇ. ನಡುವಿನಿಂದ ಅಂಚಿನವರೆಗೆ ಸೀಳಬೇಕು. ಚಾಕು ಹಚ್ಚಿದರೆ ಪುಡಿಪುಡಿಯಾಗಿ ಮೆತ್ತಿಕೊಳ್ಳುತ್ತದೆ, ಅದಕ್ಕೇ ಅಂಗಡಿಯವರು ತಂತಿಯಲ್ಲಿ ಕೊಯ್ಯುತ್ತಾರೆ. ಮನೆಗೆ ತಂದದ್ದನ್ನು ತವರದ ಹಾಳೆ ಸಮೇತ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿನ ತರಕಾರಿ ಖಾನೆಗೆ ತಳ್ಳಿ, ತಿನ್ನುವ ಒಂದು ಗಂಟೆ ಮೊದಲು ಹೊರಗಿಡಿ. ಡಬ್ಬಿ ಮರೆತರೆ ಬೆಳಗಾಗುವಷ್ಟರಲ್ಲಿ ಬೆಣ್ಣೆಯೂ ರೋಕ್‌ಫೋರ್, ಹಾಲೂ ರೋಕ್‌ಫೋರ್, ಮುಚ್ಚದೆ ಇಟ್ಟ ದೋಸೆಹಿಟ್ಟೂ ರೋಕ್‌ಫೋರ್.